ಒಂದಡಿ ಗಾಜಿನ ಪೆಟ್ಟಿಗೆ ಕಡಲ ಮೀನಿಗೆ ಮನೆಯಾಗುತ್ತದಾ?

ಉದ್ದ, ಅಗಲ, ಎತ್ತರ ಮೂರೂ ಒಂದೊಂದು ಅಡಿ ಇರುವ ಗಾಜಿನ ಪೆಟ್ಟಿಗೆ ಸುಮಾರು 28 ಲೀಟರ್ ನೀರು ಹಿಡಿಯುತ್ತದೆ. ಕಲ್ಲು, ಮರಳು ಹಾಕಿದ ಮೇಲೆ ಉಳಿಯುವುದು 22 ಲೀಟರ್ ಆಸುಪಾಸು. ಕುಡಿಯುವ ನೀರಿನ ಒಂದು ಕ್ಯಾನ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅದರೊಳಗೆ ನೀಲಿ ಲೈಟು, ಬಣ್ಣಬಣ್ಣದ ಹವಳ, ಎರಡು ಕಿತ್ತಳೆ ಬಣ್ಣದ ಕ್ಲೌನ್‌ಫಿಶ್ ಇಟ್ಟು ತೋರಿಸುವ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ಚಂದ ಕಾಣುತ್ತದೆ, ಸುಳ್ಳಲ್ಲ. ಬಾಡಿಗೆ ಮನೆಯ ಮೇಜಿನ ಮೇಲೂ ಹಿಡಿಸುತ್ತದೆ. ಆದರೆ ಒಳಗಿರುವ ಮೀನಿಗೆ ಅದು ಬದುಕುವ ಜಾಗವಾಗುತ್ತದಾ?

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಅಂಗಡಿಯಲ್ಲಿ ಸಿಗುವ ಕಡಲ ಮೀನುಗಳಲ್ಲಿ ಹೆಚ್ಚಿನವಕ್ಕೆ ಆಗುವುದಿಲ್ಲ. ಬೆರಳೆಣಿಕೆಯಷ್ಟು ಜಾತಿಗಳಿಗೆ ಆಗುತ್ತದೆ, ಅದೂ ಸಾಕುವವರು ದಿನಾ ಗಮನ ಕೊಟ್ಟರೆ ಮಾತ್ರ. ಹವ್ಯಾಸಿಗಳು ಸುಮಾರು 110 ಲೀಟರ್‌ಗಿಂತ ಚಿಕ್ಕ ಉಪ್ಪುನೀರಿನ ಟ್ಯಾಂಕನ್ನು ‘ನ್ಯಾನೋ’ ಅನ್ನುತ್ತಾರೆ. ಈ ನ್ಯಾನೋಗಳಲ್ಲೂ 40 ಲೀಟರ್‌ಗಿಂತ ಕಡಿಮೆ ಇರುವುದರಲ್ಲಿ ಮೀನನ್ನೇ ಬಿಡಬಾರದು ಅನ್ನುವುದು ನನ್ನ ಅಭಿಪ್ರಾಯ. ಯಾಕೆ ಅಂತ ತಿಳಿಯಬೇಕಾದರೆ ಎರಡು ವಿಷಯ ನೋಡಬೇಕು. ಒಂದು, ಅಷ್ಟು ಕಡಿಮೆ ಉಪ್ಪುನೀರು ಹೇಗೆ ವರ್ತಿಸುತ್ತದೆ ಎಂಬುದು. ಇನ್ನೊಂದು, ಆ ಮೀನು ಕಡಲಲ್ಲಿ ಹೇಗೆ ಬಾಳುತ್ತಿತ್ತು ಎಂಬುದು. ಎರಡನೆಯದನ್ನು ಕೇಳುವವರು ಕಡಿಮೆ. ನನಗೆ ಅದೇ ಮುಖ್ಯ ಅನಿಸುತ್ತದೆ.

ಮೊದಲು ನೀರಿನ ವಿಷಯ.

ನಮ್ಮ ಹೊಳೆ ಮೀನುಗಳಿಗೆ ಏರುಪೇರು ಹೊಸದಲ್ಲ. ಮಳೆಗಾಲದಲ್ಲಿ ತುಂಗೆ ಕೆಂಪಾಗಿ ಉಕ್ಕಿ ಹರಿಯುತ್ತಾಳೆ, ಬೇಸಿಗೆಯಲ್ಲಿ ಗುಂಡಿಗಳಲ್ಲಿ ನಿಲ್ಲುತ್ತಾಳೆ. ಅಘನಾಶಿನಿಯ ಅಳಿವೆಯಲ್ಲಂತೂ ದಿನಕ್ಕೆರಡು ಸಲ ಉಬ್ಬರ ಇಳಿತದ ಜೊತೆ ಉಪ್ಪು ಹೆಚ್ಚುಕಡಿಮೆಯಾಗುತ್ತದೆ. ಅಲ್ಲಿನ ಮೀನುಗಳ ಮೈ ಇದಕ್ಕೆ ಒಗ್ಗಿದೆ. ಹವಳದ ದಿಬ್ಬದ ಮೀನಿನ ಕತೆ ಬೇರೆ. ಅದರ ಸುತ್ತ ಇರುವುದು ತಳ ಕಾಣದಷ್ಟು ದೊಡ್ಡ ಕಡಲು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, ಇಂದು ನಾಳೆಗೆ ಹೆಚ್ಚೇನೂ ಬದಲಾಗುವುದಿಲ್ಲ. ಬಿಸಿಯೂ ಅಷ್ಟೇ, ನಿಧಾನವಾಗಿ ಏರುತ್ತದೆ, ನಿಧಾನವಾಗಿ ಇಳಿಯುತ್ತದೆ. ಸಾವಿರಾರು ತಲೆಮಾರು ಅಂಥ ನೀರಿನಲ್ಲೇ ಬಾಳಿದ ಜೀವ ಅದು.

ಈ ಮೀನಿನ ರಕ್ತದಲ್ಲಿರುವ ಉಪ್ಪು ಕಡಲಿಗೆ ಹೋಲಿಸಿದರೆ ಸುಮಾರು ಮೂರನೇ ಒಂದು ಭಾಗ. ಹಾಗಾಗಿ ಸುತ್ತಲಿನ ಉಪ್ಪುನೀರು ಅದರ ಮೈಯಿಂದ ನೀರನ್ನು ಸದಾ ಎಳೆದುಕೊಳ್ಳುತ್ತಲೇ ಇರುತ್ತದೆ. ನೀರಿನಲ್ಲೇ ಇದ್ದರೂ ಮೀನಿಗೆ ನೀರಡಿಕೆ ತಪ್ಪಿದ್ದಲ್ಲ. ಅದು ಕಡಲ ನೀರನ್ನೇ ಕುಡಿಯುತ್ತದೆ, ಜಾಸ್ತಿಯಾದ ಉಪ್ಪನ್ನು ಕಿವಿರುಗಳ ವಿಶೇಷ ಕೋಶಗಳಿಂದ ಹೊರಗೆ ತಳ್ಳುತ್ತದೆ. ಈ ಕೆಲಸ ಹಗಲೂ ರಾತ್ರಿ ನಡೆಯುತ್ತದೆ, ಅದಕ್ಕೆ ಶಕ್ತಿಯೂ ಖರ್ಚಾಗುತ್ತದೆ. ನೀರಿನ ಉಪ್ಪು ಇದ್ದಕ್ಕಿದ್ದಂತೆ ಏರಿದರೆ, ಇಳಿದರೆ, ಲೆಕ್ಕವೆಲ್ಲ ತಪ್ಪುತ್ತದೆ.

ಈಗ ಟ್ಯಾಂಕಿಗೆ ಬನ್ನಿ. ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ಮೇಲೆ ಫ್ಯಾನ್ ತಿರುಗುತ್ತಿರುವ ಕೋಣೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ನೀರು ಇಳಿಯಿತು ಅಂತಿಟ್ಟುಕೊಳ್ಳಿ. ನೀವು ಮೂರು ದಿನ ಊರಿಗೆ ಹೋದಿರಿ. 30 ಸೆಂಟಿಮೀಟರ್ ಎತ್ತರದ ಪೆಟ್ಟಿಗೆಯಲ್ಲಿ 15 ಮಿಲಿಮೀಟರ್ ಅಂದರೆ ನೂರಕ್ಕೆ 5 ಪಾಲು ನೀರು ಹೋಯಿತು. 35 ಇದ್ದ ಉಪ್ಪು 36.8 ಆಯಿತು. 50 ಸೆಂಟಿಮೀಟರ್ ಎತ್ತರದ 300 ಲೀಟರ್ ಟ್ಯಾಂಕಿನಲ್ಲಿ ಅದೇ 15 ಮಿಲಿಮೀಟರ್ ಹೋದರೆ ಉಪ್ಪು 36.1. ಗಮನಿಸಿ, ಇಲ್ಲಿ ವ್ಯತ್ಯಾಸ ಇದೆ, ಆದರೆ ಜನ ಹೆದರಿಸುವಷ್ಟು ಅಗಾಧ ಏನಲ್ಲ. ಯಾಕೆಂದರೆ ದೊಡ್ಡ ಟ್ಯಾಂಕಿನ ಬಾಯಿಯೂ ದೊಡ್ಡದು, ಅದರಿಂದಲೂ ಜಾಸ್ತಿ ನೀರು ಆವಿಯಾಗುತ್ತದೆ. ಬಿಸಿಯ ವಿಷಯವೂ ಹೀಗೇ. ನೀರಿನ ಪ್ರಮಾಣಕ್ಕೆ ಹೋಲಿಸಿದರೆ ಪುಟ್ಟ ಪೆಟ್ಟಿಗೆಯ ಹೊರಮೈ ಸುಮಾರು ಎರಡು ಪಟ್ಟು. ಹಾಗಾಗಿ ಸುಮಾರು ಎರಡು ಪಟ್ಟು ಬೇಗ ಕಾಯುತ್ತದೆ, ಎರಡು ಪಟ್ಟು ಬೇಗ ತಣಿಯುತ್ತದೆ. ಮೇ ತಿಂಗಳ ಮಂಗಳೂರಲ್ಲಿ ಇದು ನಿಜಕ್ಕೂ ತಲೆನೋವು. ಬೆಂಗಳೂರಲ್ಲಿ ನಿಭಾಯಿಸಬಹುದು.

ಚಿಕ್ಕ ಟ್ಯಾಂಕಿನ ನಿಜವಾದ ಅಪಾಯ ಬೇರೆ ಕಡೆ ಇದೆ. ಕಲ್ಲಿನ ಹಿಂದೆ ಒಂದು ಬಸವನಹುಳು ಸತ್ತಿತು ಅಂತಿಟ್ಟುಕೊಳ್ಳಿ. ಯಾರಿಗೂ ಕಾಣಲಿಲ್ಲ. ಅದು ಕೊಳೆತು ಬಿಡುವ ಅಮೋನಿಯಾ 22 ಲೀಟರಿನಲ್ಲಾದರೂ ಅಷ್ಟೇ, 250 ಲೀಟರಿನಲ್ಲಾದರೂ ಅಷ್ಟೇ. ಆದರೆ 22 ಲೀಟರಿನಲ್ಲಿ ಅದರ ಗಾಢತೆ ಹನ್ನೊಂದು ಪಟ್ಟು. ಮನೆಗೆ ಬಂದ ಮಗು ಪ್ರೀತಿಯಿಂದ ಹಾಕಿದ ಒಂದು ಚಿಟಿಕೆ ಜಾಸ್ತಿ ಆಹಾರಕ್ಕೂ ಇದೇ ಲೆಕ್ಕ. ಕೈಗೆ ಹಚ್ಚಿದ ಸೊಳ್ಳೆ ಔಷಧಿಗೂ ಇದೇ ಲೆಕ್ಕ. ಚಿಕ್ಕ ತಪ್ಪನ್ನು ದೊಡ್ಡ ಟ್ಯಾಂಕು ಅರಗಿಸಿಕೊಳ್ಳುತ್ತದೆ. ಪುಟ್ಟ ಟ್ಯಾಂಕಿಗೆ ಆ ಶಕ್ತಿ ಇಲ್ಲ.

ಉಪ್ಪುನೀರಿನಲ್ಲಿ ಅಮೋನಿಯಾ ಇನ್ನೂ ಕೆಟ್ಟದ್ದು. ಕಡಲ ನೀರಿನ ಪಿಎಚ್ 8.1ರಿಂದ 8.3ರ ನಡುವೆ ಇರುತ್ತದೆ, ಅಂದರೆ ಕ್ಷಾರದ ಕಡೆಗೆ. ಅಂಥ ನೀರಿನಲ್ಲಿ ಅಮೋನಿಯಾದ ವಿಷಕಾರಿ ರೂಪದ ಪಾಲು, ಪಿಎಚ್ 7 ಇರುವ ಸಿಹಿನೀರಿಗಿಂತ ಸುಮಾರು ಹತ್ತು ಪಟ್ಟು. ಮೇಲಿಂದ ಆಮ್ಲಜನಕವೂ ಕಡಿಮೆ. 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ 8 ಮಿಲಿಗ್ರಾಂ ಚಿಲ್ಲರೆ ಆಮ್ಲಜನಕ ಹಿಡಿದಿಡುತ್ತದೆ, ಕಡಲ ನೀರು ಅದಕ್ಕಿಂತ ಸುಮಾರು ಐದನೇ ಒಂದು ಭಾಗ ಕಡಿಮೆ. ಬೆಟ್ಟಾ, ಗೌರಾಮಿಗಳನ್ನು ಸಾಕಿದವರಿಗೆ ಗೊತ್ತು, ಅವು ಮೇಲೆ ಬಂದು ಗಾಳಿ ನುಂಗಿ ಬದುಕಬಲ್ಲವು. ಹವಳದ ದಿಬ್ಬದ ಮೀನುಗಳಿಗೆ ಆ ಅನುಕೂಲ ಇಲ್ಲ. ರಾತ್ರಿ ಕರೆಂಟ್ ಹೋಗಿ ಪಂಪ್ ನಿಂತರೆ ಅವುಗಳ ಪಾಡು ಏನು ಅಂತ ಯೋಚಿಸಿ.

ರೋಗದ ವಿಷಯದಲ್ಲೂ ಜಾಗ ಲೆಕ್ಕಕ್ಕೆ ಬರುತ್ತದೆ. ಕಡಲ ಮೀನಿಗೆ ಬರುವ ಬಿಳಿ ಚುಕ್ಕೆ ರೋಗಕ್ಕೆ ಕಾರಣ ಕ್ರಿಪ್ಟೊಕ್ಯಾರಿಯಾನ್ ಅನ್ನುವ ಪರಾವಲಂಬಿ. ಅದು ಮೀನಿನ ಮೈಬಿಟ್ಟು ಕೆಳಗೆ ಬಿದ್ದು, ಮರಳಿನಲ್ಲೋ ಕಲ್ಲಿನ ಮೇಲೋ ಅಂಟಿಕೊಂಡು, ಒಡೆದು ನೂರಾರು ಮರಿಗಳಾಗುತ್ತದೆ. ಆ ಮರಿಗಳಿಗೆ ಒಂದೆರಡು ದಿನದೊಳಗೆ ಮೀನು ಸಿಗಬೇಕು, ಇಲ್ಲದಿದ್ದರೆ ಸಾಯುತ್ತವೆ. ತೆರೆದ ಕಡಲಲ್ಲಿ ಹೆಚ್ಚಿನವಕ್ಕೆ ಸಿಗುವುದೇ ಇಲ್ಲ. ಒಂದಡಿ ಪೆಟ್ಟಿಗೆಯಲ್ಲಿ ಹೆಚ್ಚುಕಡಿಮೆ ಎಲ್ಲಕ್ಕೂ ಸಿಗುತ್ತದೆ. ಇದಕ್ಕೆ ತಾಮ್ರದ ಔಷಧಿ ಇದೆ, ಆದರೆ ಅದನ್ನು ಹವಳ, ಸೀಗಡಿ ಇರುವ ಟ್ಯಾಂಕಿಗೆ ಹಾಕುವ ಹಾಗಿಲ್ಲ. ಅವು ಸತ್ತೇ ಹೋಗುತ್ತವೆ. ಹೊಸ ಮೀನನ್ನು ಕೆಲವು ವಾರ ಬೇರೆ ಇಟ್ಟು ನೋಡದೆ ನೇರ ಟ್ಯಾಂಕಿಗೆ ಬಿಡಬೇಡಿ ಅನ್ನುವುದು ಇದಕ್ಕೇ.

ನೀರಿನ ಕಷ್ಟ ಇಷ್ಟೆಲ್ಲ ಇದ್ದರೂ ಪರಿಹಾರ ಇದೆ. ಇಳಿದಷ್ಟು ಸಿಹಿನೀರನ್ನು ತಾನೇ ತುಂಬುವ ಯಂತ್ರ ಬಂದಿದೆ. ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್ ಇದೆ. ವಾರಕ್ಕೆ 3 ಲೀಟರ್ ನೀರು ಬದಲಿಸುವುದು ಚಿಕ್ಕ ಟ್ಯಾಂಕಿನಲ್ಲಿ ಹತ್ತು ನಿಮಿಷದ ಕೆಲಸ. ದೊಡ್ಡ ಟ್ಯಾಂಕಿನವರು ಬಕೆಟ್ ಬಕೆಟ್ ಹೊತ್ತು ಸುಸ್ತಾಗುತ್ತಾರೆ. ಅಂದರೆ ಶಿಸ್ತಿದ್ದರೆ ಪುಟ್ಟ ಟ್ಯಾಂಕಿನ ನೀರನ್ನು ಸರಿಯಾಗಿಡಬಹುದು. ಜಾಗವನ್ನು ಮಾತ್ರ ಯಾವ ಯಂತ್ರವೂ ಕೊಡಲಾರದು.

ಮೀನು ಎಷ್ಟುದ್ದ ಅಂತ ಕೇಳಬೇಡಿ, ಹೇಗೆ ಬದುಕುತ್ತದೆ ಅಂತ ಕೇಳಿ

‘ಇಷ್ಟು ಇಂಚು ಮೀನಿಗೆ ಇಷ್ಟು ಲೀಟರ್’ ಅನ್ನುವ ಲೆಕ್ಕ ಎಲ್ಲೆಡೆ ಓಡಾಡುತ್ತದೆ. ಸಿಹಿನೀರಿನಲ್ಲೇ ಅದು ಅರೆಬರೆ, ಉಪ್ಪುನೀರಿನಲ್ಲಿ ಅದರಿಂದ ಕೆಡುಕೇ ಜಾಸ್ತಿ. ಮೂರು ಪುಟ್ಟ ಮೀನುಗಳನ್ನೇ ನೋಡೋಣ.

ಮ್ಯಾಂಡರಿನ್ ಮೀನು ಆರೇಳು ಸೆಂಟಿಮೀಟರ್ ಉದ್ದ. ನೀಲಿ, ಕಿತ್ತಳೆ, ಹಸಿರು ಗೆರೆಗಳು, ನೋಡಿದರೆ ಕಣ್ಣು ಕೀಳಲಾಗದು. ಅಳತೆ ನೋಡಿದರೆ ನ್ಯಾನೋ ಟ್ಯಾಂಕಿಗೇ ಮಾಡಿಸಿದಂತಿದೆ. ಆದರೆ ಅದು ಬೆಳಗಿನಿಂದ ಸಂಜೆವರೆಗೆ ಕಲ್ಲು ಕಲ್ಲು ಹುಡುಕಿ, ಕಣ್ಣಿಗೆ ಅಷ್ಟಾಗಿ ಕಾಣದ ಕೋಪೆಪಾಡ್ ಅನ್ನುವ ಪುಟಾಣಿ ಜೀವಿಗಳನ್ನು ಒಂದೊಂದಾಗಿ ಹೆಕ್ಕಿ ತಿನ್ನುತ್ತದೆ. ಪುಟ್ಟ ಟ್ಯಾಂಕಿನ ಕಲ್ಲಿನಲ್ಲಿ ಇರುವ ಕೋಪೆಪಾಡ್‌ಗಳು ಕೆಲವೇ ದಿನಕ್ಕೆ ಮುಗಿಯುತ್ತವೆ. ಕಾಳು ಆಹಾರ ಹಾಕಿದರೆ ಹೆಚ್ಚಿನವು ಮೂಸಿಯೂ ನೋಡುವುದಿಲ್ಲ. ಆಮೇಲೆ ನಡೆಯುವುದು ನಿಧಾನವಾದ ಉಪವಾಸ. ಹೊಟ್ಟೆ ಒಳಗೆ ಸರಿಯುತ್ತದೆ, ಬೆನ್ನು ಚೂಪಾಗುತ್ತದೆ, ಬಣ್ಣ ಮಾತ್ರ ಕೊನೆವರೆಗೂ ಹಾಗೇ ಇರುತ್ತದೆ. ಹಾಗಾಗಿ ಮನೆಯವರಿಗೆ ಗೊತ್ತೇ ಆಗುವುದಿಲ್ಲ.

ಕ್ಲೀನರ್ ರಾಸ್ ಇನ್ನೊಂದು. ಬೆರಳಷ್ಟು ತೆಳ್ಳಗಿನ ಮೀನು. ಕಡಲಲ್ಲಿ ಒಂದು ಜಾಗ ಹಿಡಿದು ಕೂರುತ್ತದೆ, ಬೇರೆ ಮೀನುಗಳು ಅಲ್ಲಿಗೇ ಬಂದು ಮೈ ಶುಚಿ ಮಾಡಿಸಿಕೊಳ್ಳುತ್ತವೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಲೆಕ್ಕ ಹಾಕಿದಾಗ ಒಂದು ಕ್ಲೀನರ್ ರಾಸ್ ದಿನಕ್ಕೆ ಸಾವಿರಕ್ಕೂ ಹೆಚ್ಚು ಪರಾವಲಂಬಿಗಳನ್ನು ತಿನ್ನುವುದು ಕಂಡುಬಂತು. ಎರಡು ಮೀನಿರುವ ಟ್ಯಾಂಕಿನಲ್ಲಿ ಅದಕ್ಕೆ ಗಿರಾಕಿಗಳೂ ಇಲ್ಲ, ಊಟವೂ ಇಲ್ಲ. ಇರುವ ಎರಡು ಮೀನುಗಳನ್ನೇ ಬಿಡದೆ ಕುಟುಕಿ ಅವಕ್ಕೂ ನೆಮ್ಮದಿ ಕೆಡಿಸುತ್ತದೆ.

ಹಸಿರು ಕ್ರೋಮಿಸ್ ಮೂರನೆಯದು. ಹವಳದ ಕೊಂಬೆಗಳ ಮೇಲೆ ಗುಂಪು ಗುಂಪಾಗಿ ತೇಲುವ ಮೀನು. ‘ಆರು ತಗೊಳ್ಳಿ, ಗುಂಪಲ್ಲಿ ಚೆನ್ನಾಗಿರುತ್ತೆ’ ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಚಿಕ್ಕ ಟ್ಯಾಂಕಿನಲ್ಲಿ ಬಲವಾದದ್ದು ಬಡಪಾಯಿಯನ್ನು ಅಟ್ಟಾಡಿಸುತ್ತದೆ. ಓಡಲು ಜಾಗವಿಲ್ಲ. ಅದು ಸಾಯುತ್ತದೆ. ಆಮೇಲೆ ಮುಂದಿನ ಬಡಪಾಯಿ. ಕೊನೆಗೆ ಒಂದೋ ಎರಡೋ ಉಳಿಯುತ್ತವೆ.

ದೊಡ್ಡದಾಗುವ ಮೀನನ್ನು ಮರಿಯಾಗಿದ್ದಾಗ ಮಾರುವುದು ಇನ್ನೊಂದು ಬೇಸರದ ವಿಷಯ. ಬ್ಲೂ ಟ್ಯಾಂಗ್ ಅಂಗಡಿಯಲ್ಲಿ ನಾಲ್ಕೈದು ಸೆಂಟಿಮೀಟರ್ ಇರುತ್ತದೆ. ಬೆಳೆದರೆ ಸುಮಾರು 30 ಸೆಂಟಿಮೀಟರ್, ಅಂದರೆ ನಮ್ಮ ಪೆಟ್ಟಿಗೆಯ ಪೂರ್ತಿ ಉದ್ದ. ಮೇಲಾಗಿ ಅದು ದಿನವಿಡೀ ಹವಳದ ದಿಬ್ಬದ ಉದ್ದಕ್ಕೂ ಈಜುವ ಜೀವಿ. ‘ಟ್ಯಾಂಕಿಗೆ ತಕ್ಕಷ್ಟೇ ಬೆಳೆಯುತ್ತೆ ಸಾರ್’ ಅನ್ನುವ ಮಾತು ಕೇಳಿದರೆ ನಂಬಬೇಡಿ. ಮೀನು ಬೆಳೆಯದೇ ನಿಂತರೆ ಅದು ಹೊಂದಾಣಿಕೆ ಮಾಡಿಕೊಂಡಿದೆ ಅಂತಲ್ಲ, ಸೊರಗುತ್ತಿದೆ ಅಂತ ಅರ್ಥ.

ಹಾಗಾದರೆ ಕ್ಲೌನ್‌ಫಿಶ್? ಎಲ್ಲರೂ ಕೇಳುವ ಪ್ರಶ್ನೆ ಇದೇ ಅಲ್ವಾ. ಇದರ ಉತ್ತರ ಸ್ವಲ್ಪ ಸಮಾಧಾನದ್ದು. ಕಡಲಲ್ಲಿ ಕ್ಲೌನ್‌ಫಿಶ್ ಅನಿಮೋನಿ ಅನ್ನುವ, ಹೂವಿನಂತೆ ಕಾಣುವ ಒಂದು ಪ್ರಾಣಿಗೆ ಅಂಟಿಕೊಂಡು ಬಾಳುತ್ತದೆ. ಅದರ ವಿಷದ ಎಳೆಗಳ ನಡುವೆಯೇ ಊಟ, ನಿದ್ದೆ, ಸಂಸಾರ ಎಲ್ಲ. ಅಲ್ಲಿಂದ ತುಂಬ ದೂರ ಹೋದರೆ ದೊಡ್ಡ ಮೀನುಗಳ ಬಾಯಿಗೆ ಬೀಳುವ ಭಯ. ಹಾಗಾಗಿ ಹುಟ್ಟಾ ಅಲೆಮಾರಿಯಲ್ಲ. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣು, ಅದರ ನಂತರದ್ದು ಗಂಡು, ಉಳಿದವು ಸಂತಾನಕ್ಕೆ ಇಳಿಯದೆ ಸರದಿ ಕಾಯುವ ಚಿಕ್ಕವು. ಹೆಣ್ಣು ಸತ್ತರೆ ಗಂಡೇ ಹೆಣ್ಣಾಗಿ ಬದಲಾಗುತ್ತದೆ. ಆದ್ದರಿಂದ ಒಂದು ಜೋಡಿಗೆ 75 ಲೀಟರ್ ಸಾಕು ಅನ್ನುವುದು ಹವ್ಯಾಸಿಗಳ ನಡುವೆ ಒಪ್ಪಿಗೆಯಾದ ಮಾತು. ನಾನು 100 ಲೀಟರ್ ಅನ್ನುತ್ತೇನೆ. ಹೆಣ್ಣು 8 ಸೆಂಟಿಮೀಟರ್ ದಾಟಿ ಬೆಳೆಯುತ್ತದೆ, ಮೊಟ್ಟೆ ಇಟ್ಟಾಗ ಹತ್ತಿರ ಬಂದವರನ್ನೆಲ್ಲ ಕಚ್ಚುತ್ತದೆ. ಗಾಜು ಒರೆಸುವ ನಿಮ್ಮ ಕೈಯನ್ನೂ ಬಿಡುವುದಿಲ್ಲ. ಕೈಯನ್ನು ಹಿಂದೆ ತೆಗೆದುಕೊಳ್ಳಬಹುದು, ಜೊತೆಯ ಬಡಪಾಯಿ ಮೀನು ಎಲ್ಲಿಗೆ ಹೋಗಬೇಕು?

ಕ್ಲೌನ್‌ಫಿಶ್ ಬಗ್ಗೆ ಇನ್ನೊಂದು ವಿಷಯ ಕೊಳ್ಳುವ ಮೊದಲೇ ಗೊತ್ತಿರಬೇಕು. ಪಪುವಾ ನ್ಯೂಗಿನಿಯ ಕಡಲಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅಲ್ಲಿನ ಹೆಣ್ಣು ಕ್ಲೌನ್‌ಫಿಶ್ 30 ವರ್ಷದವರೆಗೆ ಬದುಕಬಹುದು ಅಂತ ಅಂದಾಜು ಮಾಡಿತು. ಕೆಲಸ ಬದಲಿಸುವವರು, ಮನೆ ಬದಲಿಸುವವರು, ವಿದೇಶಕ್ಕೆ ಹೋಗುವ ಯೋಚನೆಯಲ್ಲಿರುವವರು ಇದನ್ನು ಯೋಚಿಸಿಯೇ ಮುಂದುವರಿಯಬೇಕು. ಮತ್ತೆ, ಜೊತೆಗೆ ಅನಿಮೋನಿ ಬೇಕೇಬೇಕು ಅಂತಿಲ್ಲ. ಕೆಲವು ಅನಿಮೋನಿಗಳು ಒಂದು ಮೀಟರ್ ಅಗಲಕ್ಕೆ ಬೆಳೆಯುತ್ತವೆ. ಅವು ಜಾಗ ಬದಲಿಸುತ್ತ ನಡೆಯುತ್ತವೆ, ಪಂಪಿಗೆ ಸಿಕ್ಕಿ ಚೂರಾದರೆ ಪುಟ್ಟ ಟ್ಯಾಂಕಿನ ನೀರೆಲ್ಲ ಒಂದೇ ರಾತ್ರಿಗೆ ಕೆಡುತ್ತದೆ.

ನ್ಯಾನೋ ಟ್ಯಾಂಕಿಗೆ ನಿಜವಾಗಿ ಒಪ್ಪುವ ಮೀನು ಯಾವುದು ಅಂದರೆ ನಾನು ಗೋಬಿಗಳ ಕಡೆ ಕೈ ತೋರಿಸುತ್ತೇನೆ. ಹವಳದ ದಿಬ್ಬದಲ್ಲಿ ಇವು ಅಂಗೈಯಗಲ ಜಾಗದಲ್ಲೇ ಬಾಳು ಕಳೆಯುತ್ತವೆ. ಎವಿಯೋಟಾ ಅನ್ನುವ ಕುಲದ ಒಂದು ಗೋಬಿಯ ಪೂರ್ತಿ ಆಯಸ್ಸು ಹೆಚ್ಚೆಂದರೆ 59 ದಿನ, ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಅಷ್ಟು ಕಡಿಮೆ ಆಯಸ್ಸು ಬೇರೆಲ್ಲೂ ದಾಖಲಾಗಿರಲಿಲ್ಲ. ಹಳದಿ ಕ್ಲೌನ್ ಗೋಬಿ ಮೂರೂವರೆ ಸೆಂಟಿಮೀಟರ್, ಹವಳದ ಒಂದು ಕೊಂಬೆಯ ಮೇಲೆ ಕೂತು ದಿನ ಕಳೆಯುತ್ತದೆ. ನಿಯಾನ್ ಗೋಬಿ ಬಹಳ ಹಿಂದಿನಿಂದಲೂ ಸಾಕಣೆಯಲ್ಲೇ ಮರಿ ಮಾಡುತ್ತಿದೆ.

ಇವುಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಸೀಗಡಿಯ ಜೊತೆ ಬಾಳುವ ಗೋಬಿ. ಯಾಶಾ ಗೋಬಿ ಅಂತ ಒಂದಿದೆ, ಬಿಳಿ ಮೈಗೆ ಕೆಂಪು ಪಟ್ಟೆ, ಐದಾರು ಸೆಂಟಿಮೀಟರ್. ಜೊತೆಗೆ ಒಂದು ಪಿಸ್ತೂಲ್ ಸೀಗಡಿ. ಸೀಗಡಿಗೆ ಕಣ್ಣು ಅಷ್ಟಕ್ಕಷ್ಟೇ. ಅದು ಮರಳಿನಲ್ಲಿ ಬಿಲ ತೋಡುತ್ತದೆ, ಒಳಗಿನಿಂದ ಮರಳು ತಳ್ಳಿಕೊಂಡು ಬಂದು ಬಾಗಿಲಲ್ಲಿ ಸುರಿದು ಮತ್ತೆ ಒಳಗೆ ಹೋಗುತ್ತದೆ. ಹೊರಗೆ ಬಂದಾಗಲೆಲ್ಲ ಅದರ ಒಂದು ಮೀಸೆ ಗೋಬಿಯ ಮೈಗೆ ತಾಗಿಕೊಂಡೇ ಇರುತ್ತದೆ. ಗೋಬಿ ಬಾಗಿಲಲ್ಲಿ ಕಾವಲು. ಏನಾದರೂ ನೆರಳು ಸುಳಿದರೆ ಬಾಲವನ್ನು ಪಟಪಟ ಅಲುಗಿಸುತ್ತದೆ. ಮೀಸೆಗೆ ಸುದ್ದಿ ಮುಟ್ಟಿತು, ಸೀಗಡಿ ಒಳಗೆ. ಅಪಾಯ ಹತ್ತಿರ ಬಂದರೆ ಗೋಬಿಯೂ ತಲೆಕೆಳಗಾಗಿ ಒಳಗೆ ನುಗ್ಗುತ್ತದೆ. ಕಡಲಲ್ಲೂ ಇವುಗಳ ಸಂಸಾರ ಒಂದು ಬಿಲದ ಸುತ್ತಲೇ. 50 ಲೀಟರ್ ಟ್ಯಾಂಕಿನಲ್ಲಿ, ಆಳವಾದ ಮರಳು ಹಾಕಿ, ಮೇಲೆ ಸಣ್ಣ ಕಣ್ಣಿನ ಬಲೆ ಮುಚ್ಚಿ ಇಟ್ಟರೆ ಈ ಜೋಡಿ ಕಡಲಲ್ಲಿ ಮಾಡುವ ಹೆಚ್ಚಿನ ಕೆಲಸವನ್ನೆಲ್ಲ ಅಲ್ಲೂ ಮಾಡುತ್ತದೆ. ಮನೆ ಅನ್ನಬೇಕಾದರೆ ಅಷ್ಟಾದರೂ ಆಗಬೇಕು. ಬಲೆ ಮರೆಯಬೇಡಿ, ಗೋಬಿಗಳು ಹೆದರಿದರೆ ಹೊರಗೆ ಹಾರುತ್ತವೆ.

ಮೀನಿಲ್ಲದ ಟ್ಯಾಂಕು

28 ಲೀಟರಿನಷ್ಟೇ ಜಾಗ ಇದೆ ಅನ್ನುವವರು ಬೇಸರ ಮಾಡಿಕೊಳ್ಳಬೇಕಿಲ್ಲ. ಎರಡು ಸೆಂಟಿಮೀಟರ್‌ನ ಸೆಕ್ಸಿ ಶ್ರಿಂಪ್ ಬಾಲ ಎತ್ತಿ ಕುಣಿಯುವುದನ್ನು ಒಮ್ಮೆ ನೋಡಿ. ಸನ್ಯಾಸಿ ಏಡಿಗಳು, ಪಾಚಿ ಮೇಯುವ ಬಸವನಹುಳುಗಳು, ಮಶ್ರೂಮ್ ಹವಳ, ಹವಳದ ಬಳಗದವೇ ಆದ ಜೋವಾಂಥಿಡ್‌ಗಳು ಎಲ್ಲ ಇಲ್ಲಿ ಚೆನ್ನಾಗಿ ಬಾಳುತ್ತವೆ. ರಾತ್ರಿ ಲೈಟು ಆರಿಸಿ ಒಂದು ಗಂಟೆ ಬಿಟ್ಟು ಟಾರ್ಚ್ ಹಿಡಿದರೆ ಗಾಜಿನ ಮೇಲೆ ಬಿಳಿ ಚುಕ್ಕೆಗಳಂತೆ ಕೋಪೆಪಾಡ್‌ಗಳು ಓಡಾಡುತ್ತಿರುತ್ತವೆ, ಕಲ್ಲಿನ ಸಂದಿಯಿಂದ ಪುಟ್ಟ ನಕ್ಷತ್ರಮೀನಿನ ಬಳಗದವು ಕೈ ಚಾಚುತ್ತವೆ. ಮೀನಿಲ್ಲದ ಕಾರಣಕ್ಕೇ ಇವೆಲ್ಲ ಧೈರ್ಯವಾಗಿ ಹೊರಬರುವುದು. ಒಂದು ಎಚ್ಚರ ಮಾತ್ರ: ಕೆಲವು ಜೋವಾಂಥಿಡ್‌ಗಳಲ್ಲಿ ಪ್ಯಾಲಿಟಾಕ್ಸಿನ್ ಅನ್ನುವ ಕಡು ವಿಷ ಇರುತ್ತದೆ. ಕೈಗವಸು ಹಾಕಿಯೇ ಮುಟ್ಟಿ, ಅವು ಅಂಟಿದ ಕಲ್ಲನ್ನು ಬಿಸಿನೀರಿನಲ್ಲಿ ಕುದಿಸುವ ಕೆಲಸಕ್ಕೆ ಹೋಗಲೇಬೇಡಿ, ಆವಿ ಉಸಿರಾಡಿದರೆ ಆಸ್ಪತ್ರೆ ಸೇರಬೇಕಾಗುತ್ತದೆ.

ಕೊಳ್ಳುವಾಗ ಎಲ್ಲಿಂದ ಬಂದದ್ದು ಅಂತ ಕೇಳಿ. ಅಕ್ವೇರಿಯಂಗೆ ಬರುವ ಕಡಲ ಮೀನುಗಳಲ್ಲಿ ಬಹುಪಾಲು ಇವತ್ತಿಗೂ ಕಡಲಿನಿಂದ ಹಿಡಿದವು. ಫಿಲಿಪೀನ್ಸ್, ಇಂಡೋನೇಷ್ಯಾಗಳಲ್ಲಿ ಸಯನೈಡ್ ಚಿಮುಕಿಸಿ, ಮೀನಿಗೆ ಮಂಪರು ಬರಿಸಿ ಹಿಡಿಯುವ ಕೆಟ್ಟ ಪದ್ಧತಿ 1960ರ ದಶಕದಿಂದ ಬೆಳೆದುಬಂತು. ಕ್ಲೌನ್‌ಫಿಶ್ ವಿಷಯದಲ್ಲಿ ನಮಗೆ ಒಳ್ಳೆಯ ದಾರಿ ಇದೆ. ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಇದರ ಹಲವು ಜಾತಿಗಳನ್ನು ಸಾಕಣೆಯಲ್ಲೇ ಮರಿ ಮಾಡಿಸಿದೆ. ಸಾಕಣೆಯಲ್ಲಿ ಹುಟ್ಟಿದ ಮರಿ ಕಾಳು ಆಹಾರ ತಿನ್ನುತ್ತದೆ, ಗಾಜಿನ ಗೋಡೆಗೆ ಹೆದರುವುದಿಲ್ಲ. ಕಡಲ್ಗುದುರೆ ಮತ್ತು ಗಟ್ಟಿ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಹುಲಿಗೆ ಇರುವಷ್ಟೇ ರಕ್ಷಣೆ. ಮುರುಡೇಶ್ವರದ ಎದುರಿನ ನೇತ್ರಾಣಿಯಲ್ಲಿ ಮುಳುಗಿ ಹವಳ, ಚಿಟ್ಟೆಮೀನು, ಗಿಳಿಮೀನುಗಳನ್ನು ಅವುಗಳ ಜಾಗದಲ್ಲೇ ನೋಡಿ ಬರಬಹುದು. ಅಲ್ಲಿಂದ ಒಂದು ಹವಳದ ಚೂರನ್ನೂ ತರುವಂತಿಲ್ಲ.

ಕರಾವಳಿಯವರು ಮಲ್ಪೆಯಿಂದಲೋ ಪಣಂಬೂರಿನಿಂದಲೋ ಬಕೆಟ್‌ನಲ್ಲಿ ನೀರು ತಂದರಾಯಿತಲ್ಲ ಅನ್ನುತ್ತಾರೆ. ದಡದ ನೀರಿನಲ್ಲಿ ಎಣ್ಣೆ, ಚರಂಡಿ ಎಲ್ಲ ಸೇರಿರುತ್ತದೆ, ಮಳೆಗಾಲದಲ್ಲಿ ಹೊಳೆಗಳ ಸಿಹಿನೀರು ಬೆರೆತು ಉಪ್ಪೂ ಇಳಿದಿರುತ್ತದೆ. ಆರ್‌ಒ ನೀರಿಗೆ ಕಡಲ ಅಕ್ವೇರಿಯಂಗೆಂದೇ ಮಾಡಿದ ಉಪ್ಪು ಬೆರೆಸುವುದೇ ಮೇಲು. ಅಡುಗೆಮನೆಯ ಆರ್‌ಒ ಯಂತ್ರ ಖನಿಜ ಸೇರಿಸುವಂಥದ್ದಾದರೆ, ಸೇರಿಸುವ ಮೊದಲಿನ ನೀರು ಬೇಕು. ಟ್ಯಾಂಕು ಕಟ್ಟಿದ ಮೇಲೆ ಅಮೋನಿಯಾವನ್ನು ನೈಟ್ರೈಟ್, ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ಒಳಗೆ ಯಾವ ಪ್ರಾಣಿಯನ್ನೂ ಬಿಡಬೇಡಿ.

ಈಗಾಗಲೇ ಪುಟ್ಟ ಟ್ಯಾಂಕಿನಲ್ಲಿ ಮೀನು ಇಟ್ಟಿರುವವರು ಅದರ ಎದುರು ಸುಮ್ನೆ ಹತ್ತು ನಿಮಿಷ ಕೂತು ನೋಡಿ. ಗಾಜಿಗೆ ಮೂತಿ ಉಜ್ಜಿಕೊಂಡು ಮೇಲೆ ಕೆಳಗೆ ಒಂದೇ ಸಮ ಈಜುತ್ತಿದೆಯಾ? ಕಿವಿರು ವೇಗವಾಗಿ ಬಡಿಯುತ್ತಿದೆಯಾ? ಈಜುರೆಕ್ಕೆಗಳನ್ನು ಮೈಗೆ ಒತ್ತಿಕೊಂಡು ಮೂಲೆಯಲ್ಲೇ ಇರುತ್ತದಾ? ಊಟಕ್ಕೂ ಹೊರಬರುವುದಿಲ್ಲವಾ? ಹೌದಾದರೆ ಮೊದಲು ಉಪ್ಪು, ಬಿಸಿ, ಅಮೋನಿಯಾ ಅಳೆದು ಸರಿಪಡಿಸಿ. ಅದು ಸರಿಯಿದ್ದೂ ಹೀಗೇ ಇದ್ದರೆ ಕೊರತೆ ಇರುವುದು ಜಾಗದ್ದು. ದೊಡ್ಡ ಟ್ಯಾಂಕಿರುವ ಹವ್ಯಾಸಿಗಳಿಗೆ ಕೊಡಿ, ಅಥವಾ ತಂದ ಅಂಗಡಿಗೇ ವಾಪಸ್ ಕೊಡಿ. ಅಲ್ಲಿವರೆಗೆ ಆಹಾರ ಸ್ವಲ್ಪ ಕಡಿಮೆ ಮಾಡಿ, ವಾರಕ್ಕೆರಡು ಸಲ ಎರಡೆರಡು ಲೀಟರ್ ನೀರು ಬದಲಿಸಿ, ಬ್ಯಾಟರಿಯಲ್ಲಿ ಓಡುವ ಏರ್ ಪಂಪ್ ಒಂದನ್ನು ಮನೆಯಲ್ಲಿಡಿ. ಪಾಪ ಅಂತ ಕಡಲಿಗೆ ಮಾತ್ರ ಬಿಡಬೇಡಿ. ನಮ್ಮ ಕಡೆಯ ಕಡಲಿನ ಲಯನ್‌ಫಿಶ್ ಅಮೆರಿಕದ ಫ್ಲಾರಿಡಾ ಬಳಿ 1985ರಲ್ಲಿ ಮೊದಲು ಕಂಡಿತು, ಅಕ್ವೇರಿಯಂಗಳಿಂದ ಹೊರಬಿದ್ದದ್ದೇ ಕಾರಣ ಅನ್ನುತ್ತಾರೆ. ಇವತ್ತು ಕೆರಿಬಿಯನ್ ಕಡಲಿನ ತುಂಬ ಅದು ಹರಡಿಕೊಂಡು, ಅಲ್ಲಿನ ಪುಟ್ಟ ಮೀನುಗಳನ್ನು ತಿಂದು ಮುಗಿಸುತ್ತಿದೆ.